ಮಣೆಯ ಅಡಿಯ ಹದಿನೇಳು ಗೀಟು

ಅಲ್ಲ, ಗಣಪತಿಯ ಕಣ್ಣು ಬರೆಯಲು ಹನ್ನೊಂದು ನಿಮಿಷ ಅಂತ ನಾನು ಆವತ್ತು ಹೇಳಿದ್ದು ಒಂದು ಕಣ್ಣಿಗೆ. ಎರಡಕ್ಕೂ ಸೇರಿ ಅಲ್ಲ. ಎರಡನೆಯ ಕಣ್ಣಿಗೆ ಹದಿನಾಲ್ಕು ನಿಮಿಷ ಹಿಡಿಯುತ್ತದೆ, ಯಾಕೆಂದರೆ ಅದು ಮೊದಲನೆಯದರ ಹಾಗೇ ಇರಬೇಕು. ಮೊದಲನೆಯದಕ್ಕೆ ಅಂಥ ತೊಂದರೆ ಇಲ್ಲ, ಅದು ಹೇಗಿದ್ದರೂ ಅದರ ಹಾಗೇ ಇರುತ್ತದೆ. ಇದನ್ನು ಕುಸುಮಕ್ಕನೇ ಹೇಳಿದ್ದು. ಹೇಳುವಾಗ ಅವಳು ನಗಲಿಲ್ಲ, ಆದ್ದರಿಂದ ನಾನೂ ನಗಲಿಲ್ಲ.

ಕುಸುಮಕ್ಕ ಯಾರು ಅಂತ ಮೊದಲಿಂದ ಹೇಳಿಬಿಡುತ್ತೇನೆ. ಕಾರವಾರದಿಂದ ಅಂಕೋಲೆಗೆ ಹೋಗುವಾಗ ಅವರ್ಸಾ ಸಿಗುತ್ತದಲ್ಲ, ಅಲ್ಲಿ ಹೆದ್ದಾರಿ ಬಿಟ್ಟು ಕಡಲಿನ ಕಡೆಗೆ ಇಳಿದರೆ ಹಂಚಿನ ಮನೆ ಅವಳದು. ವಯಸ್ಸು ನಲವತ್ತೇಳು. ವರ್ಷದಲ್ಲಿ ಹತ್ತು ತಿಂಗಳು ಶೇಂಗಾ ಗದ್ದೆಗೆ, ಭತ್ತದ ನೆಟ್ಟಿಗೆ, ಯಾರು ಕರೆದರೆ ಅವರಲ್ಲಿಗೆ ಕೂಲಿಗೆ ಹೋಗುತ್ತಾಳೆ. ಉಳಿದ ಎರಡು ತಿಂಗಳು ಮಣ್ಣಿನ ಗಣಪತಿ ಮಾಡುತ್ತಾಳೆ. ಅಚ್ಚು ಇಲ್ಲ. ಬರೀ ಕೈ, ಎರಡು ಬಿದಿರ ಕಡ್ಡಿ, ಒಂದು ಹಳೆಯ ಚಮಚ ಮತ್ತು ಹಲ್ಲುಜ್ಜುವ ಬ್ರಶ್ಶಿನ ಹಿಡಿ. ಬ್ರಶ್ಶು ಗಂಡ ಸುನೀಲನದು. ಅವನು ಬೈತಖೋಲ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಆ ಬ್ರಶ್ಶಿನಿಂದ ಹಲ್ಲುಜ್ಜಿ ಮುಗಿಯುವ ಮೊದಲೇ ಅದನ್ನು ತೆಗೆದುಕೊಂಡರು ಅಂತ ಅವನದೊಂದು ದೂರು ಇದೆ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಇಲ್ಲಿ ಗಣಪತಿಯನ್ನು ಅಂಗಡಿಯಿಂದ ಆರಿಸಿ ತರುವುದಲ್ಲ. ಪ್ರತಿ ಮನೆಗೂ ಗಣಪತಿಯದೇ ಒಂದು ಮರದ ಮಣೆ ಇರುತ್ತದೆ. ಅಜ್ಜನ ಕಾಲದ್ದು, ಕೆಲವು ಅವನ ಅಜ್ಜನ ಕಾಲದ್ದು. ಆ ಮಣೆಯನ್ನು ಮೊದಲೇ ಒಯ್ದು ಮಾಡುವವರ ಮನೆಯಲ್ಲಿ ಇಟ್ಟು ಬರಬೇಕು. ಗಣಪತಿ ಅದೇ ಮಣೆಯ ಮೇಲೆ ಹುಟ್ಟುತ್ತಾನೆ, ಅದರ ಮೇಲೆ ಕೂತೇ ಮನೆಗೆ ಬರುತ್ತಾನೆ, ಅದರ ಮೇಲೆ ಕೂತೇ ನೀರಿಗೆ ಹೋಗುತ್ತಾನೆ. ಮಣೆ ಮಾತ್ರ ವಾಪಸ್ ಬರುತ್ತದೆ. ಬೇರೆ ಕಡೆ ನಾಗರ ಪಂಚಮಿಗೆ ಮಣೆ ಒಯ್ಯುತ್ತಾರೆ. ಕುಸುಮಕ್ಕನ ಮನೆಗೆ ಆಷಾಢ ಏಕಾದಶಿಗೇ ಬರಬೇಕು. ಅವಳ ಕೆಲಸ ನಿಧಾನ, ಮಳೆಯಲ್ಲಿ ಮಣ್ಣು ಒಣಗುವುದು ಇನ್ನೂ ನಿಧಾನ.

ಇನ್ನೊಂದು ಪದ್ಧತಿ, ಇಲ್ಲಿ ಯಾರೂ ರೇಟು ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಚೌತಿಯ ದಿನ ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಇಟ್ಟು, ಎಲೆಯ ಅಡಿಗೆ ತಮಗೆ ತೋಚಿದಷ್ಟು ದುಡ್ಡಿಟ್ಟು, ಗಣಪತಿಯನ್ನು ಎತ್ತಿಕೊಂಡು ಹೋಗುತ್ತಾರೆ. ಕುಸುಮಕ್ಕನ ಅಪ್ಪ ಪುಟ್ಟು ಸಾಯುವವರೆಗೂ ಒಂದು ಗಣಪತಿಗೂ ಬೆಲೆ ಹೇಳಿದವನಲ್ಲ. ಬೆಲೆ ಹೇಳುವುದು ಮೀನಿಗೆ, ಅನ್ನುತ್ತಿದ್ದ. ಅವನು ಹೋದ ಮೇಲೆ ಮಣೆಗಳು ಮಗಳ ಹತ್ತಿರ ಬಂದವು. ಮಾತೂ ಜೊತೆಗೇ ಬಂತು.

ಮಣ್ಣಿನ ವಿಷಯ ಹೇಳದೆ ಮುಂದೆ ಹೋದರೆ ಅವಳಿಗೆ ಬೇಜಾರಾಗುತ್ತದೆ. ಗಜನಿ ಗದ್ದೆಯ ಮಣ್ಣು ಮನೆಯ ಹತ್ತಿರವೇ ಪುಕ್ಕಟೆ ಸಿಗುತ್ತದೆ, ಬುಟ್ಟಿ ಹಿಡಿದು ಹೋದರೆ ಸಾಕು. ಆದರೆ ಉಪ್ಪುನೀರು ಕುಡಿದ ಮಣ್ಣು ಒಣಗುವಾಗ ಬಿರಿಯುತ್ತದೆ. ಅಪ್ಪ ಒಮ್ಮೆ ಮಾಡಿ ನೋಡಿದ್ದ. ಚೌತಿಗೆ ಎರಡು ದಿನ ಇರುವಾಗ ಗಣಪತಿಯ ಹೊಟ್ಟೆ ಬಿರಿಯಿತು. ಬಿರಿದ ಜಾಗಕ್ಕೆ ಹಾವಿನ ಪಟ್ಟಿಯನ್ನು ಅಗಲ ಮಾಡಿ ಸುತ್ತಿ ಮುಚ್ಚಿದ. ಆ ಮನೆಯವರು ಈಗಲೂ ನಮಗೆ ಅಗಲ ಹಾವೇ ಬೇಕು, ಅದು ನಮ್ಮ ಮನೆತನದ್ದು ಅನ್ನುತ್ತಾರೆ. ಕುಸುಮಕ್ಕ ವರ್ಷವೂ ಅಗಲ ಹಾವು ಮಾಡಿಕೊಡುತ್ತಾಳೆ.

ಹಾಗಾಗಿ ಮಣ್ಣು ದೂರದ ಸಿಹಿನೀರಿನ ಕೆರೆಯಿಂದ ಟೆಂಪೋದಲ್ಲಿ ಬರುತ್ತದೆ. ಅದನ್ನು ನೆನೆಹಾಕಿ, ಕಲ್ಲು ಬೇರು ಆರಿಸಿ, ಹತ್ತಿ ಸೇರಿಸಿ, ಕಾಲಿನಿಂದ ತುಳಿಯಬೇಕು. ಇಡೀ ಕೆಲಸದಲ್ಲಿ ಸೊಂಟ ಮುರಿಯುವುದು ಇದೇ. ತುಳಿದದ್ದು ಸಾಕೋ ಇಲ್ಲವೋ ಅಂತ ನೋಡಲು ಚೂರು ಮಣ್ಣನ್ನು ಬತ್ತಿಯ ಹಾಗೆ ಹೊಸೆದು ಬೆರಳಿಗೆ ಸುತ್ತುತ್ತಾಳೆ. ಬತ್ತಿ ಸೀಳು ಬಿಟ್ಟರೆ ಇನ್ನೂ ತುಳಿಯಬೇಕು. ಆಮೇಲೆ ಪೀಠ, ಹೊಟ್ಟೆ, ಕೈಕಾಲು, ಸೊಂಡಿಲು. ನಡುನಡುವೆ ತೆಂಗಿನ ಚಿಪ್ಪಿನ ಕೆಂಡ ಇಟ್ಟು ಒಣಗಿಸುವುದು. ಒಂದೇ ಮಗ್ಗುಲು ಬಿಸಿ ತಾಗದ ಹಾಗೆ ಮಣೆ ತಿರುಗಿಸುತ್ತ ಇರಬೇಕು. ಕೊನೆಗೆ ಬಣ್ಣ, ಎಲ್ಲಕ್ಕಿಂತ ಕೊನೆಗೆ ಆ ಇಪ್ಪತ್ತೈದು ನಿಮಿಷದ ಕಣ್ಣು.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಸದಾಶಿವಗಡದ ರೂಪೇಶ ಮಣೆ ಇಡಲು ಬಂದಾಗ ಜೊತೆಗೆ ಒಂದು ಫಾರ್ಮ್ ತಂದಿದ್ದ. ಅವನು ಒಂದು ಸೊಸೈಟಿಯಲ್ಲಿ ಸಾಲದ ಅರ್ಜಿ ನೋಡುವ ಕೆಲಸದಲ್ಲಿದ್ದಾನೆ. ಒಳ್ಳೆಯ ಹುಡುಗ. ಕುಸುಮಕ್ಕನಿಗೆ ಕೈಕಸುಬಿನವರ ಸಾಲ ಕೊಡಿಸಿ, ಮಣ್ಣು ಒಣಗಿಸಲು ಒಂದು ಶೆಡ್ ಹಾಕಿಸಬೇಕು ಅಂತ ಅವನ ಆಸೆ.

"ಕುಸುಮಕ್ಕಾ, ಒಂದು ಗಣಪತಿಗೆ ಎಷ್ಟು ತಾಸು ಹಿಡೀತದೆ ಹೇಳು," ಅಂದ.

"ಮಳೆ ನೋಡ್ಕಂಡಿ."

"ಮಳೆ ಅಂತ ಬರೆಯೂಕೆ ಇದ್ರಲ್ಲಿ ಜಾಗ ಇಲ್ಲ. ಅಂಕಿ ಬೇಕು."

"ಹಂಗಾರೆ ಬಿಡು."

"ರೇಟಾದ್ರೂ ಹೇಳು. ಒಂದಕ್ಕೆ ಎಷ್ಟು?"

ಕುಸುಮಕ್ಕ ಬಾಯಿ ತೆರೆದಳು. ತೆರೆದ ಬಾಯಿಂದ "ನಿಮ್ಮ ಮನಸ್ಸಿಗೆ ಬಂದಷ್ಟು" ಅಂತಲೇ ಬಂತು. ರೂಪೇಶ ಎರಡೂ ಜಾಗದಲ್ಲಿ ಸೊನ್ನೆ ಹಾಕಿದ. ಅರ್ಜಿ ವಾಪಸ್ ಬಂತು. ಸೊನ್ನೆ ತಾಸಿನಲ್ಲಿ ಸೊನ್ನೆ ರೂಪಾಯಿಯ ವಸ್ತು ಮಾಡುವವರಿಗೆ ಸಾಲ ಬೇಕಾಗುವುದಿಲ್ಲ ಅಂತ ಮೇಲಿನವರಿಗೆ ಅನ್ನಿಸಿರಬೇಕು.

ಆ ರಾತ್ರಿ ಊಟಕ್ಕೆ ಕೂತಾಗ ಸುನೀಲ ಹೇಳಿದ, "ಎಲ್ರ ಮನಸ್ಸಿಗೂ ಐನೂರಾ ಒಂದೇ ಬತ್ತದೆ. ಇಪ್ಪತ್ತು ವರ್ಷ ಆಯ್ತು. ಮನಸ್ಸು ಬೆಳೀಲೇ ಇಲ್ಲ ಯಾರ್ದೂ."

"ಅದ್ನ ಬಾಯಲ್ಲಿ ಹೇಳೂಕಾಗ್ತದ್ಯಾ?"

"ನಾ ಹೇಳ್ಲಾ?"

"ಬ್ಯಾಡ. ನೀ ಹೇಳಿದ್ರೆ ಹಮಾಲಿ ರೇಟು ಹೇಳ್ದಂಗೆ ಕೇಳ್ತದೆ."

ಸುನೀಲ ಅದಕ್ಕೆ ಸಿಟ್ಟು ಮಾಡಲಿಲ್ಲ. ಚೌತಿಯ ದಿನ ಗಣಪತಿಗಳನ್ನು ಒಳಗಿಂದ ಜಗಲಿಗೆ ತರುವುದು ಅವನೇ. ಇಲ್ಲಿಯವರೆಗೆ ಒಂದು ಬೆರಳೂ ಮುರಿದಿಲ್ಲ, ಗಣಪತಿಯದೂ ಅವನದೂ.

ಆದರೆ ರೂಪೇಶನ ಪ್ರಶ್ನೆ ಕುಸುಮಕ್ಕನ ತಲೆಯಲ್ಲಿ ಕೂತಿತು. ನಿಜಕ್ಕೂ ಎಷ್ಟು ತಾಸು? ಅವಳ ಗೋಡೆಯಲ್ಲಿ ಒಂದು ಗಡಿಯಾರ ಇದೆ, ತಾಸಿಗೊಮ್ಮೆ ಹಾಡು ಹೇಳುತ್ತದೆ. ಹಾಡು ಯಾವುದು ಅಂತ ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ. ಹೋದ ವರ್ಷ ಅವಳು ಒಂದು ಕೆಲಸ ಮಾಡಿದಳು. ಗಡಿಯಾರ ಹಾಡಿದಾಗ ಯಾವ ಗಣಪತಿಯ ಮೇಲೆ ಕೈ ಇದೆಯೋ, ಆ ಮಣೆಯ ಅಡಿಗೆ ಒಂದು ಗೀಟು. ಅರ್ಧಕ್ಕೆ ಎದ್ದರೆ ಗಿಡ್ಡ ಗೀಟು. ನೀರಿಗೆ ಹೋದರೂ ಅಳಿಸಿಹೋಗಬಾರದು ಅಂತ, ಸುನೀಲ ಬಂದರಿನಿಂದ ತಂದಿದ್ದ, ಬೋಟಿಗೆ ಹೊಡೆಯುವ ನೀಲಿ ಪೇಂಟಿನಲ್ಲಿ ಎಳೆದಳು. ಅವಳ ಯೋಚನೆ ಸರಳ. ಬಾಯಲ್ಲಿ ಹೇಳುವುದು ಬೇಡ. ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಮಣೆ ತೊಳೆದು ಮಗುಚಿ ಇಡುತ್ತಾರಲ್ಲ, ಆಗ ಕಾಣುತ್ತದೆ. ಕಂಡವರಿಗೆ ತಿಳಿಯುತ್ತದೆ. ತಿಳಿದವರು ಮುಂದಿನ ವರ್ಷ ಅದನ್ನು ನೆನಪಿಟ್ಟುಕೊಂಡು ಎಲೆಯ ಅಡಿಗೆ ದುಡ್ಡಿಡುತ್ತಾರೆ.

ಇಪ್ಪತ್ನಾಲ್ಕು ಮಣೆಗೆ ಗೀಟು ಬಿತ್ತು. ದೊಡ್ಡದು ರೂಪೇಶನ ಮನೆಯದು, ಮೂವತ್ತೊಂದು ಗೀಟು. ಎಲ್ಲಕ್ಕಿಂತ ಸಣ್ಣದು ಬೀರಿಯ ಮನೆಯದು, ಹದಿನೇಳು. ಬೀರಿ ಅಂದರೆ ಊರಾಚೆ ಇರುವ ಅರವತ್ತು ದಾಟಿದ ಹೆಂಗಸು, ನೆಟ್ಟಿ ಕೂಲಿಗೆ ಕುಸುಮಕ್ಕನ ಜೊತೆಗೇ ಸಾಲಿನಲ್ಲಿ ಬಗ್ಗುವವಳು. ಅವಳ ಗಣಪತಿ ಒಂದು ಗೇಣು. ಅವಳು ಹರಿವಾಣದಲ್ಲಿ ಇಡುವುದು ಇಪ್ಪತ್ತೊಂದು ರೂಪಾಯಿ ಮತ್ತು ಒಂದು ಮೊಗೆಕಾಯಿ, ಅಂದರೆ ಸಾಂಬಾರಿಗೆ ಹಾಕುವ ಸೌತೆ.

ಗೇಣುದ್ದದ್ದಕ್ಕೆ ಹದಿನೇಳು ತಾಸು ಯಾಕೆ ಅಂತ ನಾನು ಕೇಳಿದ್ದೆ. "ದೊಡ್ಡದ್ರಲ್ಲಿ ತಪ್ಪು ಮಾಡೂಕೆ ಜಾಗ ಅದೆ," ಅಂದಳು. "ಸಣ್ಣದ್ರಲ್ಲಿ ಇಲ್ಲ."

ಇನ್ನು ಈ ವರ್ಷದ್ದು. ಮಳೆಗಾಲದ ಬಂದ್ ಮುಗಿದು ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ, ಗೊತ್ತಲ್ಲ. ಅದಕ್ಕೆ ಮೊದಲು ಮೀನು ಕೊಯ್ಯುವ ಶೆಡ್ಡಿನವರು ಹೆಂಗಸರ ಹೆಸರು ಬರೆದುಕೊಳ್ಳುತ್ತಾರೆ. ದಿನಕ್ಕೆ ಎಂಟು ತಾಸು, ನಾನೂರೈವತ್ತು ರೂಪಾಯಿ, ಹೋಗಿಬರಲು ವ್ಯಾನು. ಹೆಸರು ಕೊಟ್ಟರೆ ಆಗಸ್ಟ್ ಸೆಪ್ಟೆಂಬರ್ ಎರಡೂ ತಿಂಗಳು ಅಲ್ಲಿಗೇ. ಅಂದರೆ ಗಣಪತಿ ಇಲ್ಲ. ಒಮ್ಮೆ ಮಣೆ ವಾಪಸ್ ಕಳಿಸಿದರೆ ಅದು ಇನ್ನೊಂದು ವರ್ಷ ಕಾಯುವುದಿಲ್ಲ, ಪಿಕಪ್ಪಿನಲ್ಲಿ ಬರುವ ಅಚ್ಚಿನ ಗಣಪತಿ ಅದರ ಮೇಲೆ ಕೂತುಬಿಡುತ್ತದೆ. ಏಕಾದಶಿಯ ಮರುದಿನ ಸಂಜೆಯೊಳಗೆ ಹೆಸರು ಹೇಳಬೇಕಿತ್ತು.

ಸುನೀಲ ಒತ್ತಾಯ ಮಾಡಲಿಲ್ಲ. ಇಷ್ಟೇ ಹೇಳಿದ, "ಮೀನಿಗೆ ತಾಸಿಗೆ ಐವತ್ತಾರು ಬತ್ತದೆ. ಗಣಪತಿಗೆ ಹೆಚ್ಚಂದ್ರೆ ಇಪ್ಪತ್ತಾರು. ಬಣ್ಣ ಕಳೆದ್ರೆ ಇನ್ನೂ ಕಮ್ಮಿ. ಮೀನಿಗೆ ಕಣ್ಣೂ ಬರೆಯೂದಿಲ್ಲ."

"ಮಣೆ ಬರ್ಲಿ. ಯಾರಾರೂ ಒಬ್ರು ಗೀಟು ಓದಿದ್ರೆ ನಾ ಹೋಗೂದಿಲ್ಲ."

"ಒಬ್ರು ಓದಿದ್ರೂ ಸಾಕಾ?"

"ಸಾಕು."

"ಹಂಗಾರೆ ಒಬ್ರು ಓದಿದ್ರೆ ನಾ ಚೌತಿ ವರೆಗೆ ಈ ವಿಷ್ಯದಲ್ಲಿ ಬಾಯಿ ಬಿಡೂದಿಲ್ಲ," ಅಂದ ಸುನೀಲ. ಕರಾರು ಆಯಿತು.

ಏಕಾದಶಿಯ ದಿನ ಮಣೆಗಳು ಬಂದವು. ಕುಸುಮಕ್ಕ ಒಂದೊಂದನ್ನೂ ತೆಗೆದುಕೊಂಡು, ತಂದವರ ಮುಖ ನೋಡಿ, ಏನೂ ಕೇಳದೆ ಒಳಗಿಟ್ಟಳು. ಬಿಣಗಾದ ಮನೆಯೊಂದರವರು ಮಣೆಗೆ ಪಾಲಿಶ್ ಹೊಡೆಸಿ ತಂದಿದ್ದರು. ಅಡಿಗೆ ಯಾರೋ ಮಕ್ಕಳು ಗೀಚಿದ್ದರು, ಬಡಿಗರಿಂದ ಉಜ್ಜಿಸಿ ತೆಗೆಸಿದೆವು ಅಂದರು. ಇನ್ನೊಬ್ಬರು ಗೀಟುಗಳನ್ನು ಭಟ್ಟರಿಗೆ ತೋರಿಸಿದ್ದರಂತೆ. ಹತ್ತೊಂಬತ್ತು ಒಳ್ಳೆಯ ಸಂಖ್ಯೆ, ಚಿಂತೆ ಬೇಡ ಅಂತ ಭಟ್ಟರು ಹೇಳಿದರಂತೆ. ಅಗಲ ಹಾವಿನ ಮನೆಯವರು ಇಪ್ಪತ್ತೆರಡು ತೆಂಗಿನಕಾಯಿ ತಂದು ಜಗಲಿಯಲ್ಲಿ ಸುರಿದರು.

"ಇಷ್ಟೆಲ್ಲ ಎಂತಕೆ?" ಅಂತ ಕೇಳಿದಳು ಕುಸುಮಕ್ಕ.

"ನೀನೇ ಬರ್ದಿದ್ಯಲ್ಲ. ದೇವ್ರಿಗೆ ಹರಕೆ ಇರ್ಬೇಕು ಅಂದ್ಕಂಡ್ವಿ. ಎಣಿಸ್ಕಂಡೇ ತಂದದ್ದು."

ಅವಳು ತೆಂಗಿನಕಾಯಿ ಎತ್ತಿಟ್ಟಳು. ಕತ್ತಲಾಗುವ ಹೊತ್ತಿಗೆ ಇಪ್ಪತ್ತೆರಡು ಮಣೆ ಬಂದಿದ್ದವು. ಓದಿದವರು ಯಾರೂ ಇಲ್ಲ. ರೂಪೇಶನದೂ ಬೀರಿಯದೂ ಬಂದಿರಲಿಲ್ಲ. ಸುನೀಲ ಎರಡು ಕಾಯಿ ಒಡೆದು ಸಾರಿಗೆ ಕೊಟ್ಟ.

ಮರುದಿನ ಬೆಳಿಗ್ಗೆ ಮಳೆ ಜೋರು. ಕುಸುಮಕ್ಕ ಕೊಡೆ ಹುಡುಕುತ್ತಿದ್ದಳು, ಹೆಸರು ಕೊಡಲು ಹೋಗಬೇಕಲ್ಲ. ಆಗ ಬೀರಿ ಬಂದಳು. ಮಣೆಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡಿದ್ದಳು. ಅವಳು ಮಾತ್ರ ಪೂರ್ತಿ ಒದ್ದೆ. ಮಣೆಯನ್ನು ಜಗಲಿಯಲ್ಲಿಟ್ಟು, ಹಿತ್ತಲಿಗೆ ಹೋಗಿ, ಸೀರೆ ಮೇಲಕ್ಕೆ ಸಿಕ್ಕಿಸಿ, ಮಾಡಿನಡಿಗೆ ನೆನೆಹಾಕಿದ್ದ ಮಣ್ಣಿನ ಗುಂಡಿಗೆ ಇಳಿದಳು. ತುಳಿಯಲು ಶುರು ಮಾಡಿದಳು.

ಕುಸುಮಕ್ಕ ಹೋಗಿ ನೋಡಿದಳು. "ಬೀರಕ್ಕಾ, ಎಂತ ಮಾಡ್ತೆ?"

"ಕಾಣ್ತಿಲ್ವಾ? ತುಳೀತಿದ್ದೆ."

"ಅದು ಕಾಣ್ತದೆ. ಎಂತಕೆ?"

"ಹದಿನೇಳು ಗೀಟು ಎಳ್ದಿದ್ಯಲ್ಲ ನನ್ನ ಮಣೆಗೆ. ಹದಿನೇಳು ತಾಸು ಆಳು ನೀ ಬಂದಂಗೆ. ಈಗ ನಾ ಬರ್ಬೇಕಲ್ಲ. ಮುರಿಯಾಳು."

ಮುರಿಯಾಳು ಅಂದರೆ ನೀನು ಒಂದು ದಿನ ನನ್ನ ಗದ್ದೆಗೆ ಬಾ, ನಾನು ಒಂದು ದಿನ ನಿನ್ನ ಗದ್ದೆಗೆ ಬರುತ್ತೇನೆ, ಕೂಲಿ ಇಲ್ಲ, ಆಳಿಗೆ ಆಳು. ಕುಸುಮಕ್ಕ ಗುಂಡಿಯ ಅಂಚಿನಲ್ಲೇ ಕುಕ್ಕರಗಾಲಿನಲ್ಲಿ ಕೂತಳು.

"ನಿಂಗೆ ಹೆಂಗೆ ಗೊತ್ತಾಯ್ತು ಅದು ತಾಸು ಅಂತ?"

"ನನ್ನ ಗೋಡೆಲಿ ನೋಡಿಲ್ವಾ ನೀ? ನೆಟ್ಟಿಗೆ ಹೋದ ದಿನಕ್ಕೆಲ್ಲ ಮಸಿ ಗೀಟು. ಅರ್ಧ ದಿನಕ್ಕೆ ಗಿಡ್ಡದು. ಓದೂಕೆ ಬರೂದಿಲ್ಲ ನಂಗೆ, ಗೀಟು ಬತ್ತದೆ." ಕಾಲು ಎತ್ತಿ ಅಂಟಿದ ಮಣ್ಣನ್ನು ಕೊಡವಿದಳು. "ಮಗ ಹೇಳ್ದ, ಅಬ್ಬೇ, ಅದು ಹದಿನೇಳು ಮೊಗೆಕಾಯಿ ಇರ್ಬೇಕು ಅಂತ. ಅಷ್ಟು ಮೊಗೆಕಾಯಿ ತಿಂದ್ರೆ ಗಣಪತಿಗೂ ಥಂಡಿ ಆಗ್ತದೆ ಅಂದೆ."

ಕುಸುಮಕ್ಕ ಗುಂಡಿಯಿಂದ ಚೂರು ಮಣ್ಣು ತೆಗೆದು ಹೊಸೆದು ಬೆರಳಿಗೆ ಸುತ್ತಿ ನೋಡಿದಳು. ಆಮೇಲೆ, "ಎಡಗಾಲ ಬದಿ ಗಂಟು ಉಳೀತಿದೆ, ಅಲ್ಲಿ ತುಳಿ," ಅಂದಳು.

ಬಾಗಿಲಲ್ಲಿ ನಿಂತು ಸುನೀಲ ಇದನ್ನೆಲ್ಲ ಕೇಳಿದ. ಕರಾರು ಕರಾರೇ. ಅವನು ಬಾಯಿ ಮುಚ್ಚಿದ.

ಹತ್ತು ಗಂಟೆಗೆ ರೂಪೇಶ ಬೈಕಿನಲ್ಲಿ ಬಂದ, ಹೆಗಲಿಗೆ ಮಣೆ, ಹ್ಯಾಂಡಲಿಗೆ ಸ್ಟೀಲಿನ ಡಬ್ಬಿ. ನಿನ್ನೆ ಬರಲು ಆಗಲಿಲ್ಲ, ಅಮ್ಮ ಜಯಂತಿ ನೇವ್ರಿ ಕರಿದು ಮುಗಿಸಿರಲಿಲ್ಲ ಅಂದ. ನೇವ್ರಿ ಅಂದರೆ ಕಾರವಾರದವರ ಕರ್ಜಿಕಾಯಿ. "ಮೂವತ್ತೊಂದು ಅದೆ. ಲೆಕ್ಕ ತಪ್ಪಿಲ್ಲ. ಇಷ್ಟು ಯಾಕೆ ಅಂತ ಅಮ್ಮಂಗೂ ತಿಳೀಲಿಲ್ಲ, ಆದ್ರೆ ಕುಸುಮಕ್ಕ ಕೇಳಿದ್ದಾಳೆ ಅಂದ್ರೆ ಎಂತದೋ ಇರ್ತದೆ ಅಂದ್ಲು."

ಬೀರಿ ಗುಂಡಿಯಿಂದಲೇ ಕೈ ಚಾಚಿದಳು. ಒಂದು ನೇವ್ರಿ ಕೊಟ್ಟ. ತಿಂದಳು. "ಚಲೋ ಅದೆ. ಆದ್ರೆ ತಮ್ಮಾ, ಅದು ನೇವ್ರಿ ಅಲ್ಲ. ತಾಸು."

"ಎಂತ ತಾಸು?"

"ನಿನ್ನ ಗಣಪತಿಗೆ ಇವ್ಳು ಕೂತ ತಾಸು. ಮೂವತ್ತೊಂದು."

ತಾಸು ಎಷ್ಟು ಅಂತ ಫಾರ್ಮ್ ಹಿಡಿದು ಕೇಳಿದವನೇ ಅವನು. ಉತ್ತರ ಬಂದು ಹತ್ತು ತಿಂಗಳು ಅವನ ಮನೆಯ ಅಟ್ಟದಲ್ಲಿ ಮಗುಚಿ ಬಿದ್ದಿತ್ತು. ರೂಪೇಶ ಮೊಬೈಲ್ ತೆಗೆದ. "ಬೀರಕ್ಕಾ, ನಿಂಗೆ ನೆಟ್ಟಿಗೆ ದಿನಕ್ಕೆ ಎಷ್ಟು ಕೊಡ್ತಾರೆ?"

"ನಾನೂರು. ಚಾ ಬೇರೆ."

ಅವನು ಗುಣಿಸಿದ. ಮತ್ತೊಮ್ಮೆ ಗುಣಿಸಿದ. ಎರಡು ಸಲವೂ ಒಂದೇ ಉತ್ತರ ಬಂತು, ಸಾವಿರದ ಐನೂರೈವತ್ತು. ಮೊಬೈಲನ್ನು ಕಿಸೆಗೆ ಹಾಕಿದ.

"ಕುಸುಮಕ್ಕಾ, ಅಪ್ಪ ಇರೂವಾಗಿಂದ ಐನೂರಾ ಒಂದು ಇಡ್ತಾ ಬಂದ್ವಿ ನಾವು."

"ಹೌದು. ಅವ್ರು ಶುರು ಮಾಡ್ದಾಗ ಅದು ದೊಡ್ಡದೇ ಆಗಿತ್ತು. ನನ್ನಪ್ಪ ಎರಡೆರಡು ಸಲ ಎಣಿಸಿದ್ದ."

"ನೀ ಹೇಳ್ಬೇಕಿತ್ತು."

"ಹೇಳೂಕೆ ಬರೂದಿಲ್ಲ ನಂಗೆ. ಅದ್ಕೇ ಎಳ್ದದ್ದು."

"ಹಂಗಾರೆ ನಾನೂ ಮುರಿಯಾಳು ಬರ್ಲಾ?" ಅಂದ ರೂಪೇಶ. ಅವನು ನಿಜವಾಗಿಯೇ ಕೇಳಿದ್ದು.

ಬೀರಿ ಅವನ ಪ್ಯಾಂಟು ನೋಡಿದಳು, ಸಾಕ್ಸು ನೋಡಿದಳು. "ಇಳಿ ನೋಡ್ವಾ."

ರೂಪೇಶ ಇಳಿದ. ಅರ್ಧ ತಾಸು ತುಳಿದ. ಅವನು ತುಳಿದ ಜಾಗವನ್ನು ಬೀರಿ ಮತ್ತೊಮ್ಮೆ ತುಳಿಯಬೇಕಾಯಿತು. ಉಳಿದ ಮೂವತ್ತೂವರೆ ತಾಸನ್ನು ಎಲೆಯ ಅಡಿಗೆ ಇಡುತ್ತೇನೆ ಅಂತ ಅವನೇ ಹೇಳಿ, ಕಾಲು ತೊಳೆದುಕೊಂಡು ಸೊಸೈಟಿಗೆ ತಡವಾಗಿ ಹೋದ. ಸಂಜೆಯೊಳಗೆ ಆ ಗೀಟು ಅಂದರೆ ಏನು ಅಂತ ಸದಾಶಿವಗಡದಿಂದ ಬಿಣಗಾದವರೆಗೆ ಗೊತ್ತಾಗಿತ್ತು. ಇಂಥ ವಿಷಯದಲ್ಲಿ ಅವನು ಚುರುಕು.

ಮೀನಿನ ಶೆಡ್ಡಿಗೆ ವಿಷಯ ತಿಳಿಸಲು ಸುನೀಲನೇ ಹೋದ, ಹೇಗೂ ಬಂದರಿನ ದಾರಿ. ಸೂಪರ್‌ವೈಸರ್ "ಹೆಂಡ್ತಿ ಬತ್ತಳಾ?" ಅಂತ ಕೇಳಿದರಂತೆ. ಕರಾರಿನ ಪ್ರಕಾರ ಅವನಿಗೆ ಆ ವಿಷಯದಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ. ತಲೆ ಅಲ್ಲಾಡಿಸಿದ. ಅವರು ಅದನ್ನು ಹೌದು ಅಂತ ತಿಳಿದು ಹೆಸರು ಬರೆದುಕೊಂಡರು. ಮೂರು ದಿನ ಬಿಟ್ಟು ಕುಸುಮಕ್ಕನೇ ಹೋಗಿ ಹೆಸರು ತೆಗೆಸಿ ಬಂದಳು.

ಎಲ್ಲ ಸರಿಹೋಯಿತು ಅಂತಲ್ಲ. ಗೀಟಿನ ಅರ್ಥ ಗೊತ್ತಾದ ಮೇಲೆ ಒಬ್ಬರು ಬಂದು ಮಣೆ ವಾಪಸ್ ಒಯ್ದರು. ಪಿಕಪ್ಪಿನದೇ ತರುತ್ತೇವೆ, ನಮಗೆ ಅಷ್ಟು ತಾಸಿನ ದೇವರು ಬೇಡ ಅಂದರು. ಕುಸುಮಕ್ಕ ಮಣೆಯನ್ನು ಒರೆಸಿ ಕೊಟ್ಟಳು. ಪಾಲಿಶ್ ಮನೆಯವರು ಫೋನ್ ಮಾಡಿ, ನಮ್ಮದು ಉಜ್ಜಿ ಹೋಯಿತಲ್ಲ, ಎಷ್ಟು ಗೀಟಿತ್ತು ಅಂತ ಕೇಳಿದರು. ಅವಳಿಗೆ ನೆನಪಿರಲಿಲ್ಲ. ಈ ವರ್ಷ ನೋಡಿ ಹೇಳುತ್ತೇನೆ ಅಂದಳು. ಈಗ ಇಪ್ಪತ್ಮೂರು ಮಣೆ. ರೇಟು ಅವಳು ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ನೀಲಿ ಪೇಂಟಿನ ಡಬ್ಬಿ ಮಾತ್ರ ಹೊಸದು ಬಂದಿದೆ, ಸುನೀಲ ತಂದದ್ದು, ಏನೂ ಮಾತಾಡದೆ.

ಬೀರಿ ನಾಲ್ಕು ದಿನದಲ್ಲಿ ಹದಿನಾರೂವರೆ ತಾಸು ತುಳಿದು ನಿಲ್ಲಿಸಿದ್ದಾಳೆ. ಉಳಿದ ಅರ್ಧ ತಾಸು ಯಾಕೆ ಬಿಟ್ಟೆ ಅಂದರೆ, "ಕಣ್ಣು ಬರೆಯೂ ದಿನಕ್ಕೆ ಇರ್ಲಿ. ಆವತ್ತು ಸುಮ್ನೆ ಬಂದು ಕೂತ್ರೆ ಇವ್ಳು ಬೈತಳೆ. ಕೆಲ್ಸ ಬಾಕಿ ಅದೆ ಅಂದ್ರೆ ಬಯ್ಯೂಕಾಗೂದಿಲ್ಲ," ಅಂದಳು.

ಈಗ ಅಲ್ಲಿ ಹೊಟ್ಟೆಗಳ ಕೆಲಸ ನಡೆಯುತ್ತಿದೆ. ಇಪ್ಪತ್ಮೂರು ಹೊಟ್ಟೆ, ತಲೆ ಒಂದಕ್ಕೂ ಇಲ್ಲ, ಚಿಪ್ಪಿನ ಹೊಗೆಯಲ್ಲಿ ಸಾಲಾಗಿ ಕೂತಿವೆ. ನೀವೊಮ್ಮೆ ಹೋಗಿ ಬನ್ನಿ. ಅವರ್ಸಾದಲ್ಲಿ ಬಸ್ ಇಳಿದು ಗೀಟಿನ ಕುಸುಮಕ್ಕ ಅಂತ ಕೇಳಿ, ಈಗ ಹಾಗೇ ಕರೆಯುತ್ತಾರೆ, ಯಾರಾದರೂ ತೋರಿಸುತ್ತಾರೆ. ರೇಟು ಕೇಳಬೇಡಿ. ಗಡಿಯಾರದ ಹಾಡು ಯಾವುದು ಅಂತಲೂ ಕೇಳಬೇಡಿ, ಮನೆಯಲ್ಲಿ ಮತ್ತೆ ಶುರುವಾಗುತ್ತದೆ. ಗುಂಡಿಯಲ್ಲಿ ಮಣ್ಣು ಇನ್ನೂ ಇದೆ. ಕಾಲು ತೊಳೆಯಲು ನೀರು ಬಾವಿಕಟ್ಟೆಯ ಹತ್ತಿರ. ಸಾಕ್ಸು ಹಾಕಿಕೊಂಡು ಹೋಗಬೇಡಿ.